ರೋಸ್ ಬೌಲ್ ಲೆಕ್ಕಕ್ಕಿಲ್ಲವಂತೆ!

ಹಳೆಯ ವಿದ್ಯಾರ್ಥಿಗಳ ಪುಟಕ್ಕೆ ಏನಾದರೂ ಬರೆದುಕೊಡಿ ಅಂತ ಸಂಪಾದಕರು ಮೆಸೇಜ್ ಮಾಡಿದರು. ಹಾಸ್ಟೆಲ್ ಸಾರು, ವರ್ಕ್‌ಶಾಪ್ ಖಾಕಿ, ಇಂಟರ್ನಲ್ಸ್ ಹಿಂದಿನ ರಾತ್ರಿಯ ಜೆರಾಕ್ಸ್ ಅಂಗಡಿ, ಇದನ್ನೆಲ್ಲ ನನ್ನ ಬ್ಯಾಚಿನವರು ನನಗಿಂತ ಚೆನ್ನಾಗಿ ಬರೆಯುತ್ತಾರೆ. ಹಾಗಾಗಿ ನಾನು ಇಲ್ಲಿಂದ ಹೋಗಿ ಎಂ.ಎಸ್. ಮಾಡಿದ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬಗ್ಗೆ ಬರೆಯುತ್ತೇನೆ. ಅದರಲ್ಲೂ ಅಲ್ಲಿ ವರ್ಷಗಟ್ಟಲೆ ನಡೆದ, ಇನ್ನೂ ಮುಗಿಯದ ಒಂದು ಜಗಳದ ಬಗ್ಗೆ.

ಜಗಳ ಇಷ್ಟೇ. ಆ ಕಾಲೇಜಿನ ಫುಟ್‌ಬಾಲ್ ತಂಡದ ಇತಿಹಾಸದಲ್ಲಿ ಅತಿ ದೊಡ್ಡ ರನ್ನಿಂಗ್ ಬ್ಯಾಕ್ ಯಾರು?

ನಗಬೇಡಿ. ಆ ಕಾಲೇಜಿರುವ ಮ್ಯಾಡಿಸನ್ ಊರಲ್ಲಿ ಇದು ಗಂಭೀರ ವಿಷಯ. ಆ ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು: ಹೆಸರು ಫುಟ್‌ಬಾಲ್ ಆದರೂ ಚೆಂಡು ಹೆಚ್ಚಾಗಿ ಕೈಯಲ್ಲೇ ಇರುತ್ತದೆ. ನಾಲ್ಕು ಸಲದೊಳಗೆ ಹತ್ತು ಗಜ ಮುಂದೆ ಹೋಗಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಮುಂದೆ ಹೋಗೋಕೆ ಇರೋದು ಎರಡೇ ದಾರಿ, ಎಸೆಯೋದು ಇಲ್ಲಾ ಎದೆಗವಚಿಕೊಂಡು ಓಡೋದು. ಆ ಓಡುವವನೇ ರನ್ನಿಂಗ್ ಬ್ಯಾಕ್. ಬಿಸಿಲಿನ ಊರಿನ ತಂಡಗಳು ಎಸೆದು ಆಡುತ್ತವೆ. ನವೆಂಬರಿನಲ್ಲೇ ಕೈ ಮರಗಟ್ಟುವ ವಿಸ್ಕಾನ್ಸಿನ್ನಿನಲ್ಲಿ ಓಟವೇ ದೇವರು. 1990ರಲ್ಲಿ ಬ್ಯಾರಿ ಆಲ್ವರೆಜ್ ಕೋಚ್ ಆಗಿ ಬಂದಾಗ ಮೊದಲ ವರ್ಷ ಗೆದ್ದದ್ದು ಒಂದೇ ಪಂದ್ಯ, ಸೋತದ್ದು ಹತ್ತು. ಅವರು ಆ ರಾಜ್ಯದ ದೈತ್ಯ ಹುಡುಗರನ್ನೇ ಹುಡುಕಿ ಮುಂದಿನ ಸಾಲಿನಲ್ಲಿ ನಿಲ್ಲಿಸಿದರು, ಅವರ ಹಿಂದೆ ಚೆಂಡು ಹಿಡಿದು ಓಡುವವನನ್ನು ಬಿಟ್ಟರು, 1994ರ ಜನವರಿಯಲ್ಲಿ ಮೊದಲ ಸಲ ರೋಸ್ ಬೌಲ್ ಗೆದ್ದೇಬಿಟ್ಟರು. ಸೀಸನ್ ಮುಗಿದ ಮೇಲೆ ಒಳ್ಳೆಯ ತಂಡಗಳಿಗೆ ನಡೆಯುವ ‘ಬೌಲ್’ ಪಂದ್ಯಗಳಲ್ಲಿ ಬಹಳ ಹೆಸರಾದದ್ದು ಅದು. ಆಮೇಲೆ ತಂಡದ ದಾರಿ ಅದೇ ಆಯಿತು.

ನನಗೆ ಇದನ್ನೆಲ್ಲ ಕಲಿಸಿದವರು ನಮ್ಮ ಡಿಪಾರ್ಟ್‌ಮೆಂಟಿನ ಮೆಷಿನ್ ಶಾಪ್ ನೋಡಿಕೊಳ್ಳುತ್ತಿದ್ದ ಯಜಮಾನರು. ಅರವತ್ತರ ಆಸುಪಾಸು, ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ. ನನ್ನ ಪ್ರಯೋಗಕ್ಕೆ ಬೇಕಾದ ಫ್ಲ್ಯಾಂಜ್ ತಿರುಗಿಸಿ ಕೊಡಿ ಅಂತ ಹೋದರೆ ಡ್ರಾಯಿಂಗ್ ಪಕ್ಕಕ್ಕಿಟ್ಟು ಬೆಂಚಿನ ಮೇಲೆ ಐದು ದೊಡ್ಡ ನಟ್ಟು ಸಾಲಾಗಿ ಜೋಡಿಸುತ್ತಿದ್ದರು. ಅದು ಮುಂದಿನ ಸಾಲು. ಹಿಂದೆ ಒಂದು ವಾಷರ್, ಅದು ರನ್ನಿಂಗ್ ಬ್ಯಾಕ್. ಎಡಗಡೆಯ ಎರಡನೇ ನಟ್ಟನ್ನು ಬೆರಳಲ್ಲಿ ಹಿಂದಕ್ಕೆಳೆದು, ಸಾಲಿನ ಬೆನ್ನ ಹಿಂದಿನಿಂದ ಬಳಸಿ ಬಲಕ್ಕೆ ತಂದು, ಅಲ್ಲಿದ್ದ ಬೋಲ್ಟಿಗೆ ಟಕ್ ಅಂತ ಗುದ್ದಿಸುತ್ತಿದ್ದರು. ಆ ಸಂದಿಯಲ್ಲಿ ವಾಷರ್ ಜಾರಿಕೊಂಡು ಹೋಗಬೇಕು. ಒಂದು ಕ್ಷಣ ಮೊದಲು ಹೋದರೆ ಸಂದಿಯೇ ಇರೋದಿಲ್ಲ, ತಡವಾದರೆ ಮುಚ್ಚಿಹೋಗಿರುತ್ತದೆ. ಓಡೋದಕ್ಕಿಂತ ಕಾಯೋದು ಕಷ್ಟ ಅನ್ನೋದು ನನಗೆ ಅರ್ಥ ಆಗಿದ್ದು ಆ ಗ್ರೀಸ್ ಬೆಂಚಿನ ಮೇಲೆ.

ಅವರ ಲೇತ್ ಮೇಲಿನ ಗೋಡೆಯಲ್ಲಿ ಒಂದು ಬಿಳಿ ಟವೆಲ್ ತೂಗುಹಾಕಿತ್ತು, ‘ಡೇನ್ 33’ ಅಂತ ಅಚ್ಚಾದದ್ದು. 1999ರ ನವೆಂಬರ್ 13ರಂದು ಅಯೊವಾ ಎದುರು ನಮ್ಮ ತಂಡದ ರಾನ್ ಡೇನ್ ಕಾಲೇಜು ವರ್ಷಗಳಲ್ಲಿ ಒಟ್ಟು ಓಡಿದ ಗಜಗಳ ರಾಷ್ಟ್ರೀಯ ದಾಖಲೆ ಮುರಿದ ದಿನ ಸ್ಟೇಡಿಯಮ್ಮಿನಲ್ಲಿ ಹಂಚಿದ ಟವೆಲ್. ಟವೆಲ್ ಡೇನ್‌ದು, ಆದರೆ ಯಜಮಾನರ ಓಟು ಮಾತ್ರ ಅಲನ್ ಅಮೀಚಿಗೆ! ಅಡ್ಡಹೆಸರು ‘ಕುದುರೆ’, 1954ರಲ್ಲಿ ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಗೆದ್ದವನು. ಆಗಿನ ನಿಯಮದ ಪ್ರಕಾರ ಒಬ್ಬನೇ ಆಟಗಾರ ದಾಳಿಯಲ್ಲೂ ಆಡಬೇಕಿತ್ತು, ರಕ್ಷಣೆಯಲ್ಲೂ ಆಡಬೇಕಿತ್ತು. ಚೆಂಡು ಹಿಡಿದು ಓಡಿ ಸುಸ್ತಾದವನೇ ಮರುಕ್ಷಣ ತಿರುಗಿ ನಿಂತು ಎದುರಾಳಿಯನ್ನು ಬೀಳಿಸಬೇಕು. ಈಗಿನವರು ಅರ್ಧ ಹೊತ್ತು ಬೆಂಚಿನ ಮೇಲೆ ಕೂತು ನೀರು ಕುಡಿಯುತ್ತಾರೆ, ಇವರೆಲ್ಲ ಏನು ಆಟಗಾರರು ಅಂತ ಯಜಮಾನರ ವಾದ. ಅಮೀಚಿಯನ್ನು ಅವರು ಕಣ್ಣಾರೆ ನೋಡಿದವರಲ್ಲ, ಅಪ್ಪ ಹೇಳಿದ್ದನ್ನು ಕೇಳಿದವರು. ಅಪ್ಪ ಹೇಳಿದ ಆಟಗಾರ ಯಾವಾಗಲೂ ಒಂದು ಕೈ ಮೇಲೇ ಅಲ್ವಾ?

ನಮಗೂ ಇದೇನು ಹೊಸದಲ್ಲ. ಬಿ ಬ್ಲಾಕ್ ಮೆಟ್ಟಿಲ ಮೇಲೆ ವಿಶಿ ದೊಡ್ಡವರಾ ದ್ರಾವಿಡ್ ದೊಡ್ಡವರಾ ಅಂತ ಕಿತ್ತಾಡಿದ್ದು ನೆನಪಿದೆ ತಾನೆ? ಒಬ್ಬ 13,288 ಟೆಸ್ಟ್ ರನ್ ಅಂದರೆ ಇನ್ನೊಬ್ಬ 1975ರ ಮದ್ರಾಸಿನ ಔಟಾಗದ 97 ಅನ್ನುತ್ತಿದ್ದ. ಅಲ್ಲೂ ಅದೇ ರಗಳೆ, ರನ್ ಬದಲು ಗಜ.

ನನ್ನ ರೂಮ್‌ಮೇಟ್ ಮೈಸೂರಿನವನು. ಅವನ ಓಟು ಮೆಲ್ವಿನ್ ಗೋರ್ಡನ್‌ಗೆ. ಅದಕ್ಕೆ ಕಾರಣ 2014ರ ನವೆಂಬರ್ 15. ನೆಬ್ರಾಸ್ಕಾ ಎದುರಿನ ಆ ಪಂದ್ಯಕ್ಕೆ ನಾವಿಬ್ಬರೂ ಹೋಗಿದ್ದೆವು. ಕ್ಯಾಂಪ್ ರ್‍ಯಾಂಡಲ್ ಸ್ಟೇಡಿಯಂ, ಸುಮಾರು 80 ಸಾವಿರ ಜನ, ಮೇಲಿಂದ ಸಣ್ಣಗೆ ಹಿಮ. ವಿದ್ಯಾರ್ಥಿಗಳ ಭಾಗದಲ್ಲಿ ಯಾರೂ ಕೂರೋದಿಲ್ಲ, ಕೊನೆವರೆಗೂ ನಿಂತೇ ಇರಬೇಕು. ಊರಿಂದ ತಂದ ಮಂಕಿ ಕ್ಯಾಪ್ ಹಾಕಿಕೊಂಡು ನಿಂತಿದ್ದ ನಮ್ಮನ್ನು ಪಕ್ಕದವರು ಬ್ಯಾಂಕ್ ದೋಚಲು ಬಂದವರ ಹಾಗೆ ನೋಡುತ್ತಿದ್ದರು. ಶುರುವಿಗೆ ನೆಬ್ರಾಸ್ಕಾ 17–3 ಮುಂದಿತ್ತು. ಆಮೇಲೆ ಗೋರ್ಡನ್ ಓಡೋಕೆ ಶುರುಮಾಡಿದ. ಅವನದು ನೆಟ್ಟಗೆ ಗುದ್ದುವ ಓಟ ಅಲ್ಲ. ಸಾಲಿನ ಹಿಂದೆ ಒಂದೆರಡು ಹೆಜ್ಜೆ ಸುಮ್ನೆ ಹಾಕುತ್ತಾನೆ, ಏನೂ ಆಗಲಿಲ್ಲವಲ್ಲ ಅಂತ ನಾವು ಅಂದುಕೊಳ್ಳುವಷ್ಟರಲ್ಲಿ ಒಂದು ಭುಜ ಓರೆ ಮಾಡಿ ಸಂದಿಯಿಂದ ಆಚೆ ಹೋಗಿರುತ್ತಾನೆ, ಅಲ್ಲಿಂದ ಮುಂದೆ ಅವನನ್ನು ಹಿಡಿಯೋರು ಯಾರೂ ಇಲ್ಲ. ಮೂರನೇ ಕ್ವಾರ್ಟರಿನ ಕಟ್ಟಕಡೆಯ ಆಟದಲ್ಲಿ 26 ಗಜ ಓಡಿ, ಎದುರಾಳಿಯ ಕೊನೆಯ ಗೆರೆ ದಾಟಿ ಟಚ್‌ಡೌನ್ ಮಾಡಿದಾಗ ಅವನ ಲೆಕ್ಕ 408 ಗಜ, ಅದೂ ಬರೀ 25 ಓಟದಲ್ಲಿ. ಒಂದು ಪಂದ್ಯದ ರಾಷ್ಟ್ರೀಯ ದಾಖಲೆ. ಮೂರನೇ ಕ್ವಾರ್ಟರ್ ಮುಗಿದ ತಕ್ಷಣ ಹಾಡು ಹಾಕಿ ಇಡೀ ಸ್ಟೇಡಿಯಂ ಕುಪ್ಪಳಿಸೋದು ಅಲ್ಲಿನ ಪದ್ಧತಿ. ಅವತ್ತಿನ ಕುಪ್ಪಳಿಕೆಗೆ ಕಾಲಡಿಯ ಬೆಂಚು ನಡುಗಿದ್ದು ಈಗಲೂ ಮರೆತಿಲ್ಲ. ನಾಲ್ಕನೇ ಕ್ವಾರ್ಟರಿನಲ್ಲಿ ಗೋರ್ಡನ್ ಆಡಲೇ ಇಲ್ಲ, ಪಂದ್ಯ 59–24.

ದಾಖಲೆ ಒಂದೇ ವಾರ ಉಳಿಯಿತು. ಓಕ್ಲಹೋಮಾದ ಸಮಾಜೆ ಪೆರೈನ್ 427 ಓಡಿಬಿಟ್ಟ. ಅದಾದರೂ ಪರವಾಗಿಲ್ಲ. ನೆಬ್ರಾಸ್ಕಾ ಪಂದ್ಯವಾದ ಮೂರು ವಾರದ ನಂತರ ನಮ್ಮ ಬಿಗ್ ಟೆನ್ ಲೀಗಿನ ಫೈನಲ್‌ನಲ್ಲಿ ಓಹಾಯೊ ಸ್ಟೇಟ್ ನಮ್ಮನ್ನು 59–0ಯಿಂದ ಬಡಿಯಿತು, ಗೋರ್ಡನ್‌ಗೆ ಸಿಕ್ಕಿದ್ದು 76 ಗಜ. ಸೋಮವಾರ ಮೆಷಿನ್ ಶಾಪಿಗೆ ಹೋದರೆ ಯಜಮಾನರು ಏನೂ ಮಾತಾಡದೆ ಬೆಂಚಿನ ಮೇಲೆ ವಾಷರ್ ಒಂದನ್ನೇ ಇಟ್ಟು, ಅದರ ಮೇಲೆ ಸುತ್ತಿಗೆ ಇಟ್ಟಿದ್ದರು.

ಓದು ಮುಗಿದ ಮೇಲೂ ಕೆಲಸ ಅಲ್ಲೇ ಸಿಕ್ಕಿದ್ದರಿಂದ ಜೊನಾಥನ್ ಟೇಲರ್‌ನನ್ನೂ ನೋಡಿದೆ. 2017ರಿಂದ 2019, ಮೂರೇ ವರ್ಷ, 6,174 ಗಜ. ಪುಟ್ಟ ಹುಡುಗನಾಗಿ ಬಂದ ಮೊದಲ ವರ್ಷವೇ 1,977. ದೇಶದ ಅತ್ಯುತ್ತಮ ರನ್ನಿಂಗ್ ಬ್ಯಾಕ್‌ಗೆ ಕೊಡುವ ಡೋಕ್ ವಾಕರ್ ಪ್ರಶಸ್ತಿ ಎರಡು ಸಲ. ಬರೀ ಕಾಲಿನ ವಿಷಯಕ್ಕೆ ಬಂದರೆ ಇವನ ಮುಂದೆ ಯಾರೂ ಇಲ್ಲ ಅಂತ ನನಗೂ ಅನ್ನಿಸುತ್ತದೆ. ಆದರೆ ಚೆಂಡು ಕೈಜಾರಿಸುವ ಅಭ್ಯಾಸ ಒಂದಿತ್ತು ನೋಡಿ, ಪ್ರತಿ ಸಲ ಗುಂಪಿನೊಳಗೆ ನುಗ್ಗಿದಾಗ ನಾವು ಉಸಿರು ಬಿಗಿಹಿಡಿಯಬೇಕಿತ್ತು. ಮಾಂಟೀ ಬಾಲ್ ಬಗ್ಗೆ ಒಂದೇ ಮಾತು: 2011ರಲ್ಲಿ 39 ಟಚ್‌ಡೌನ್ ಹೊಡೆದು ಬ್ಯಾರಿ ಸ್ಯಾಂಡರ್ಸ್ ಹೆಸರಲ್ಲಿದ್ದ ಒಂದು ಸೀಸನ್ನಿನ ದಾಖಲೆ ಸಮ ಮಾಡಿದವನು, ಮೂರು ರೋಸ್ ಬೌಲ್‌ಗಳಲ್ಲಿ ಟಚ್‌ಡೌನ್ ಹೊಡೆದವನು, ಮೂರನ್ನೂ ಸೋತವನು. ಪಾಪ.

ಈಗ ನನ್ನ ಓಟಿಗೆ ಬರುತ್ತೇನೆ. ರಾನ್ ಡೇನ್.

ನಾನು ಅವನನ್ನು ಕಣ್ಣಾರೆ ನೋಡಿಲ್ಲ, ಹಳೆಯ ವಿಡಿಯೊಗಳಲ್ಲೇ ನೋಡಿದ್ದು. 110 ಕೆ.ಜಿ. ದಾಟಿದ ದೇಹ, ನ್ಯೂಜೆರ್ಸಿಯಿಂದ ಬಂದವನು. ಆ ಮೈಯಲ್ಲಿ ಆ ಪುಟ್ಟ ಪುಟ್ಟ ಹೆಜ್ಜೆ ಹೇಗೆ ಬಂತೋ. ಚೆಂಡು ಅವನಿಗೇ ಅಂತ ಎದುರಾಳಿಗೆ ಗೊತ್ತು, ಪ್ರೇಕ್ಷಕರಿಗೆ ಗೊತ್ತು, ಟೀವಿಯವರಿಗೆ ಗೊತ್ತು. ಆದರೂ ನಿಲ್ಲಿಸೋಕೆ ಆಗುತ್ತಿರಲಿಲ್ಲ. 1999ರ ರೋಸ್ ಬೌಲ್‌ನಲ್ಲಿ ಯು.ಸಿ.ಎಲ್.ಎ. ಎದುರು 246 ಗಜ, ನಾಲ್ಕು ಟಚ್‌ಡೌನ್. ಮರುವರ್ಷ ಸ್ಟ್ಯಾನ್‌ಫರ್ಡ್ ಎದುರು 200. ಎರಡೂ ಗೆಲುವು, ಎರಡರಲ್ಲೂ ಪಂದ್ಯಶ್ರೇಷ್ಠ, ನಡುವೆ 1999ರ ಹೈಸ್‌ಮನ್. ಬಿಗ್ ಟೆನ್ ಲೀಗಿನ ಯಾವ ತಂಡವೂ ಅದಕ್ಕೆ ಮೊದಲು ಸತತ ಎರಡು ರೋಸ್ ಬೌಲ್ ಗೆದ್ದಿರಲಿಲ್ಲ. ಟೇಲರ್, ಗೋರ್ಡನ್, ಬಾಲ್, ಅಷ್ಟೇ ಯಾಕೆ ಅಮೀಚಿ ಕೂಡ ರೋಸ್ ಬೌಲ್ ಗೆದ್ದವರಲ್ಲ. 1953ರಲ್ಲಿ ಅಮೀಚಿ 133 ಗಜ ಓಡಿಯೂ ತಂಡ 7–0ಯಿಂದ ಸೋತಿತ್ತು. ನನ್ನ ಪ್ರಕಾರ ಜಗಳ ಇಲ್ಲಿಗೇ ಮುಗಿಯಬೇಕು.

ಆದರೆ ರೂಮ್‌ಮೇಟ್ ಬಿಡಬೇಕಲ್ಲ? ಡೇನ್ ದಾಖಲೆಯೇ ಹೋಯ್ತಲ್ಲೋ ಅಂತ ಕೆಣಕುತ್ತಾನೆ. ಇದು ನನಗೆ ನಿಜಕ್ಕೂ ಉರಿಯುವ ವಿಷಯ. ಡೇನ್ ನಾಲ್ಕು ವರ್ಷದಲ್ಲಿ ಓಡಿದ್ದು 7,125 ಗಜ. ಅಧಿಕೃತ ಪುಸ್ತಕದಲ್ಲಿ ಇರೋದು 6,397. ಮಿಕ್ಕ 728 ಎಲ್ಲಿ ಹೋಯಿತು? ಅವೆಲ್ಲ ಬೌಲ್ ಪಂದ್ಯಗಳಲ್ಲಿ ಓಡಿದವು. 2002ಕ್ಕಿಂತ ಮೊದಲಿನ ಬೌಲ್ ಪಂದ್ಯಗಳನ್ನು ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್.ಸಿ.ಎ.ಎ. ಸಂಸ್ಥೆ ಲೆಕ್ಕಕ್ಕೆ ಹಿಡಿಯೋದಿಲ್ಲ, ಆಮೇಲಿನವನ್ನು ಹಿಡಿಯುತ್ತದೆ. 2016ರ ಡಿಸೆಂಬರಿನಲ್ಲಿ ಸ್ಯಾನ್ ಡಿಯೇಗೊ ಸ್ಟೇಟ್‌ನ ಡಾನೆಲ್ ಪಂಫ್ರೀ 6,405 ತಲುಪಿ ‘ದಾಖಲೆ ಮುರಿದ’. ಎಲ್ಲಿ ಮುರಿದ ಗೊತ್ತಾ? ಬೌಲ್ ಪಂದ್ಯದಲ್ಲಿ! ಅವನ ಬೌಲ್ ಲೆಕ್ಕಕ್ಕುಂಟು, ಡೇನ್‌ನ ಎರಡು ರೋಸ್ ಬೌಲ್ ಲೆಕ್ಕಕ್ಕಿಲ್ಲ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನು ಓಡಿದ್ದು ಓಡಿದ. ಪುಸ್ತಕ ಬರೆಯುವವರ ಮೇಲೆ ಸಿಟ್ಟು. ಈ ಒಂದು ವಿಷಯದಲ್ಲಿ ಮಾತ್ರ ಯಜಮಾನರು, ರೂಮ್‌ಮೇಟ್, ನಾನು ಮೂವರೂ ಒಂದೇ ಪಕ್ಷ.

ನನ್ನ ಪಟ್ಟಿ ಹೀಗೆ: ಡೇನ್, ಟೇಲರ್, ಗೋರ್ಡನ್, ಬಾಲ್, ಆಮೇಲೆ ಅಮೀಚಿ. ಅಮೀಚಿಯನ್ನು ಐದಕ್ಕೆ ತಳ್ಳಿದ್ದು ಯಜಮಾನರಿಗೆ ಗೊತ್ತಾದರೆ ಇನ್ನೊಂದು ಫ್ಲ್ಯಾಂಜ್ ಈ ಜನ್ಮದಲ್ಲಿ ಸಿಗೋದಿಲ್ಲ, ಅವರಿಗೆ ಕನ್ನಡ ಬಾರದ್ದು ನನ್ನ ಪುಣ್ಯ. ಬೇರೆ ಪಟ್ಟಿ ಇರುವವರು ನನ್ನ ನಂಬರನ್ನು ಸಂಪಾದಕರ ಹತ್ತಿರ ಇಸ್ಕೊಳ್ಳಿ. ಭಾನುವಾರ ರಾತ್ರಿ ಫೋನ್ ಮಾಡಿದರೆ ಒಳ್ಳೇದು, ಅಷ್ಟು ಹೊತ್ತಿಗೆ ಶನಿವಾರದ ಪಂದ್ಯ ನೋಡಿ ಆಗಿರುತ್ತದೆ.