ಬ್ಯಾಂಕಿಗೂ ಚಿತ್ತಾರಕ್ಕೂ ಎಂತ ಸಂಬಂಧ?

"ನೀನು ಈಗ ಎಂತ ಮಾಡ್ತಿರೋದು ಮಾರಾಯ್ತಿ?" ಸಾಗರದ ಕಡೆ ಯಾವ ಮದುವೆಗೆ ಹೋದರೂ ಊಟದ ಪಂಕ್ತಿ ಏಳುವುದರೊಳಗೆ ಈ ಪ್ರಶ್ನೆ ಬಂದೇ ಬರುತ್ತದೆ. ಸ್ವಲ್ಪ ಗೊತ್ತಿದ್ದವರು ಬಿಡಿಸಿ ಕೇಳುತ್ತಾರೆ. ಲಂಡನ್ನಿನ ಬ್ಯಾಂಕಿನಲ್ಲಿದ್ದೆ, ಆಮೇಲೆ ಯಾವುದೋ ದೇಶದ ಆದಿವಾಸಿಗಳ ಫಂಡು ಅಂದೆ, ಈಗ ನೋಡಿದರೆ ಗೋಡೆ ಮೇಲೆ ಚಿತ್ತಾರ ಬರೆಯುವ ದೀವರ ಹೆಂಗಸರ ಜೊತೆ ಓಡಾಡ್ತೀಯ, ಒಂದಕ್ಕೊಂದು ಸಂಬಂಧ ಬೇಡವಾ? ಪ್ರತಿ ಸಲ ಏನೋ ಹೇಳಿ ಜಾರಿಕೊಳ್ಳುವ ಬದಲು ಒಮ್ಮೆ ಕೂತು ಬರೆದುಬಿಡುತ್ತೇನೆ.

ಸಂಬಂಧ ಇದೆ. ಮೂರೂ ಕಡೆ ನಾನು ಓದುವುದು ಕರಾರಿನ ಕಾಗದವನ್ನೇ. ದುಡ್ಡು ಯಾರದು? ಯಾರು ಸಹಿ ಹಾಕಿದರೆ ಅದು ಹೊರಗೆ ಬರುತ್ತದೆ? ನಷ್ಟವಾದರೆ ಯಾರ ತಲೆಗೆ? ಬ್ಯಾಂಕಿನಲ್ಲಿ ನನ್ನ ಮೇಜಿನ ಮೇಲಿದ್ದದ್ದು ದೊಡ್ಡ ಯೋಜನೆಗಳ ಸಾಲ. ಸಾಲಗಾರ ಒಂದು ದೇಶದವನು, ಹಣ ಇನ್ನೊಂದು ದೇಶದ್ದು, ಕಾನೂನು ಮೂರನೆಯದರದ್ದು. ಕೇಳಲಿಕ್ಕೆ ಭಾರೀ ಅನ್ನಿಸಬಹುದು. ಆದರೆ ಅಡಿಕೆ ತೋಟವನ್ನು ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೊಟ್ಟವರಿಗೆ ಇದರ ಒಳಗುಟ್ಟು ಗೊತ್ತೇ ಇದೆ. ಫಸಲು ಇನ್ನೂ ಮರದಲ್ಲೇ ಇರುವಾಗ ಮಾತುಕತೆ ಮುಗಿದಿರುತ್ತದೆ. ಮಳೆ ಜಾಸ್ತಿಯಾಗಿ ಕೊಳೆ ರೋಗ ಬಂದರೆ ನಷ್ಟ ಚೇಣಿದಾರನಿಗೋ ತೋಟದವರಿಗೋ, ರೇಟು ಏರಿದರೆ ಲಾಭ ಯಾರಿಗೆ, ಎಲ್ಲ ಮೊದಲೇ ತೀರ್ಮಾನ. ಲಂಡನ್ನಿನಲ್ಲಿ ಅದಕ್ಕೆ ನೂರಾರು ಪುಟ ಬೇಕಾಗುತ್ತದೆ, ಅಷ್ಟೇ.

ಅಂತರರಾಷ್ಟ್ರೀಯ ವ್ಯವಹಾರ ಅಂದರೆ ಸೂಟು ಹಾಕಿದವರದು ಎಂದುಕೊಂಡವರಿಗೆ ನಾನು ಹಕ್ಕಿಪಿಕ್ಕಿ ಜನರ ಕಥೆ ಹೇಳುತ್ತೇನೆ. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಹಾಕಿಕೊಂಡವರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಹಕ್ಕಿಪಿಕ್ಕಿಗಳೂ ಇದ್ದರು. ಗಿಡಮೂಲಿಕೆ, ತಲೆಗೆ ಹಚ್ಚುವ ಎಣ್ಣೆ ಹಿಡಿದು ಆಫ್ರಿಕಾ ಸುತ್ತುವವರು. ವಿಮಾನದ ಟಿಕೆಟ್ಟಿಗೆ, ಸರಕಿಗೆ ಸಾಲ ಮಾಡಿ ಹೋದವರು. ಆ ಸಾಲದ ಬಡ್ಡಿ ಎಷ್ಟು, ಸರಕು ಅಲ್ಲೇ ಬಿಟ್ಟು ಜೀವ ಉಳಿಸಿಕೊಂಡು ಬಂದರೆ ತೀರಿಸುವವರು ಯಾರು? ನನ್ನ ಹಳೆಯ ಕೆಲಸದ ಪ್ರಶ್ನೆಗಳೇ ಇವು. ಅವರ ಪರವಾಗಿ ಕೇಳುವವರು ಇರಲಿಲ್ಲ, ಅಲ್ವಾ?

ಇನ್ನು ಎರಡನೆಯದು, ಆದಿವಾಸಿಗಳ ಫಂಡು. 2021ರಲ್ಲಿ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಕೆಲವು ಸರ್ಕಾರಗಳು ಮತ್ತು ದೊಡ್ಡ ದಾನಿ ಸಂಸ್ಥೆಗಳು ಸೇರಿ, ಕಾಡು ಕಾಯುವ ಮೂಲನಿವಾಸಿಗಳಿಗೆ ಮತ್ತು ಸ್ಥಳೀಯ ಸಮುದಾಯಗಳಿಗೆ 170 ಕೋಟಿ ಡಾಲರ್ ಕೊಡುವುದಾಗಿ ಘೋಷಿಸಿದವು. ಮೊದಲ ವರ್ಷದ ಲೆಕ್ಕವನ್ನು ಆ ದಾನಿಗಳೇ ಪ್ರಕಟಿಸಿದರು. ನೇರವಾಗಿ ಆ ಜನರ ಸಂಘಟನೆಗಳ ಕೈಗೆ ಹೋದದ್ದು ಶೇ. 7 ಮಾತ್ರ. ಉಳಿದದ್ದು ನಡುವಿನವರ ಮೂಲಕ ಹೋಯಿತು. ಮೋಸ ಅಂತ ನಾನು ಹೇಳುತ್ತಿಲ್ಲ. ದೊಡ್ಡ ಸಂಸ್ಥೆಗೆ ಆಡಿಟ್ ಇರುತ್ತದೆ, ಇಂಗ್ಲಿಷ್ ಬರುತ್ತದೆ, ದಾನಿಗೆ ನೆಮ್ಮದಿ. ಆದರೆ ಆ ನೆಮ್ಮದಿಯ ಖರ್ಚು ಯಾರ ಪಾಲಿನಿಂದ ಹೋಗುತ್ತದೆ ನೋಡಿ.

ಇದಕ್ಕೆ ಮೂಲನಿವಾಸಿಗಳೇ ಕಂಡುಕೊಂಡ ದಾರಿ ತಮ್ಮದೇ ನಿಧಿ. ಬ್ರೆಜಿಲಿನ ಅಮೆಜಾನಿನಲ್ಲಿ ಪೊಡಾಲಿ, ಇಂಡೋನೇಷ್ಯಾದಲ್ಲಿ 2023ರಲ್ಲಿ ಶುರುವಾದ ನುಸಂತಾರ ನಿಧಿ, ಹೀಗೆ ಹಲವು. ದುಡ್ಡು ಹೊರಗಿನದ್ದಾದರೂ ಯಾವ ಹಳ್ಳಿಗೆ, ಯಾವ ಕೆಲಸಕ್ಕೆ ಎಂದು ಅವರೇ ಕೂತು ತೀರ್ಮಾನಿಸುತ್ತಾರೆ. ಇಂಥ ಒಂದೆರಡು ನಿಧಿಗಳಿಗೆ ನಾನು ಸಾಗರದಲ್ಲೇ ಕೂತು ಕರಾರು ಓದಿಕೊಡುತ್ತೇನೆ. ಕರೆಂಟ್ ಇದ್ದರೆ.

ದಾನವೇ ಆಗಬೇಕು ಅಂತಲೂ ಇಲ್ಲ. ಕೆನಡಾದ ಮೂಲನಿವಾಸಿ ಸಮುದಾಯಗಳು ಒಟ್ಟಾಗಿ ಸಾಲ ಎತ್ತಲು ಒಂದು ಹಣಕಾಸು ಪ್ರಾಧಿಕಾರವೇ ಇದೆ. ಒಬ್ಬೊಬ್ಬರೇ ಹೋದರೆ ಬ್ಯಾಂಕು ದುಬಾರಿ ಬಡ್ಡಿ ಹೇಳುತ್ತದೆ, ಗುಂಪಾಗಿ ಬಾಂಡ್ (ಸಾಲಪತ್ರ) ಹೊರಡಿಸಿದರೆ ಕಡಿಮೆಗೆ ಸಿಗುತ್ತದೆ. 2014ರಲ್ಲಿ ಅವರ ಮೊದಲ ಬಾಂಡ್ ಬಂತು, 9 ಕೋಟಿ ಕೆನಡಾ ಡಾಲರಿನದ್ದು. 2021ರಲ್ಲಿ ಮಿಗ್ಮಾ ಸಮುದಾಯಗಳು ಅಲ್ಲಿಂದಲೇ 25 ಕೋಟಿ ಡಾಲರ್ ಸಾಲ ತೆಗೆದು, ಕ್ಲಿಯರ್‌ವಾಟರ್ ಎಂಬ ದೈತ್ಯ ಮೀನು ಕಂಪನಿಯ ಅರ್ಧ ಪಾಲು ಕೊಂಡುಕೊಂಡವು. ಬ್ಯಾಂಕಿನಲ್ಲಿದ್ದವಳಿಗೆ ಇಂಥದ್ದು ಓದಿದರೆ ಸುಮ್ನೆ ಖುಷಿಯಾಗುತ್ತದೆ.

ದುಡ್ಡು, ಮೂಲನಿವಾಸಿಗಳು, ಕಲೆ ಮೂರೂ ಒಂದೇ ಕಡೆ ಕೂಡಿದ ಕಥೆ ಬೇಕಾದರೆ ಆಸ್ಟ್ರೇಲಿಯಾದ ಮರುಭೂಮಿಗೆ ಹೋಗಬೇಕು. ಅಲ್ಲಿನ ಮೂಲನಿವಾಸಿ ಚಿತ್ರಕಾರರು 1972ರಲ್ಲೇ ಪಾಪುನ್ಯಾ ತುಲಾ ಎಂಬ ತಮ್ಮದೇ ಕಂಪನಿ ಕಟ್ಟಿಕೊಂಡಿದ್ದರು. ಆ ಭಾಗದಲ್ಲಿ ಕಿಡ್ನಿ ಕಾಯಿಲೆ ಬಹಳ. ಡಯಾಲಿಸಿಸ್ ಬೇಕೆಂದರೆ ಕಿಂಟೋರ್ ಎಂಬ ಊರಿನಿಂದ ಸುಮಾರು 500 ಕಿ.ಮೀ. ದೂರದ ಆಲಿಸ್ ಸ್ಪ್ರಿಂಗ್ಸ್‌ಗೆ ಹೋಗಿ ಅಲ್ಲೇ ಉಳಿಯಬೇಕು. ಹಿರಿಯರು ಮನೆ, ನೆಲ, ಮೊಮ್ಮಕ್ಕಳನ್ನು ಬಿಟ್ಟು ಪರಊರಿನಲ್ಲಿ ಸಾಯುತ್ತಿದ್ದರು. ಚಿತ್ರಕಾರರು ಸೇರಿ ದೊಡ್ಡ ಕ್ಯಾನ್ವಾಸುಗಳನ್ನು ಬರೆದರು. 2000ದಲ್ಲಿ ಸಿಡ್ನಿಯಲ್ಲಿ ಹರಾಜು ಹಾಕಿದರು. ಹತ್ತು ಲಕ್ಷ ಆಸ್ಟ್ರೇಲಿಯನ್ ಡಾಲರಿಗಿಂತ ಜಾಸ್ತಿ ಬಂತು. 2004ರಲ್ಲಿ ಕಿಂಟೋರಿನಲ್ಲೇ ಡಯಾಲಿಸಿಸ್ ಶುರುವಾಯಿತು. ಅದನ್ನು ನಡೆಸುವ ಸಂಸ್ಥೆಯ ನಿರ್ದೇಶಕರು ಇವತ್ತಿಗೂ ಮೂಲನಿವಾಸಿಗಳೇ.

ಹಾಗಾದರೆ ಆ ಫಂಡಿನ ದುಡ್ಡು ನಮ್ಮೂರಿಗೂ ತರಬಾರದಾ? ಇದು ಮದುವೆ ಮನೆಯ ಮುಂದಿನ ಪ್ರಶ್ನೆ. ಅಷ್ಟು ಸಲೀಸಿಲ್ಲ. ವಿದೇಶಿ ದೇಣಿಗೆ ಪಡೆಯಲು ಸಾಮಾನ್ಯವಾಗಿ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ನೋಂದಣಿ ಬೇಕು. ಅದಕ್ಕೆ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಆ ಮೂರು ವರ್ಷದಲ್ಲಿ 15 ಲಕ್ಷ ರೂಪಾಯಿ ಕೆಲಸಕ್ಕೆ ಖರ್ಚಾಗಿರಬೇಕು. ಖಾತೆ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲೇ ತೆರೆಯಬೇಕು. 2020ರ ತಿದ್ದುಪಡಿಯಾದ ಮೇಲೆ, ದೊಡ್ಡ ಸಂಸ್ಥೆ ತನಗೆ ಬಂದದ್ದರಲ್ಲಿ ಸ್ವಲ್ಪ ಭಾಗವನ್ನು ಸಣ್ಣ ಸಂಘಕ್ಕೆ ದಾಟಿಸುವ ಹಾಗೂ ಇಲ್ಲ. ಹೊಸನಗರದ ಕಡೆಯ ಹಸಲ ಬುಡಕಟ್ಟಿನ ಕೇರಿಯ ಒಂದು ಸಂಘ ಇದನ್ನೆಲ್ಲ ದಾಟುವುದು ಹೇಗೆ? ಉಳಿಯುವುದು ಕಂಪನಿಗಳ ಸಿಎಸ್‌ಆರ್, ಅಂದರೆ ಅವು ಸಮಾಜದ ಕೆಲಸಕ್ಕೆ ಎತ್ತಿಡುವ ಹಣ. ಕಾನೂನಿನ ಪಟ್ಟಿಯಲ್ಲಿ ಸಾಂಪ್ರದಾಯಿಕ ಕಲೆಯೂ ಇದೆ. ಆದರೆ ನನ್ನ ಅನುಭವದಲ್ಲಿ ಅವರಿಗೆ ಬೇಕಾದದ್ದು ಮಾರ್ಚ್ 31ರೊಳಗೆ ಮುಗಿಯುವ ಕೆಲಸ, ಜೊತೆಗೆ ಫೋಟೊ.

ಅದಕ್ಕೇ ಇಲ್ಲಿ ನಾನು ದುಡ್ಡು ತರುವ ಕೆಲಸಕ್ಕಿಂತ, ಇರುವ ದುಡ್ಡು ಸೋರದಂತೆ ನೋಡುವ ಕೆಲಸ ಹಿಡಿದಿದ್ದೇನೆ. ಚಿತ್ತಾರ ಬಂದದ್ದು ಹೀಗೆ. ಚಿತ್ತಾರ ಬರೆಯುವ ದೀವರು ಬುಡಕಟ್ಟಿನ ಪಟ್ಟಿಯಲ್ಲಿಲ್ಲ, ಹಿಂದುಳಿದ ವರ್ಗ. ಇದನ್ನು ಸ್ಪಷ್ಟ ಹೇಳಿಬಿಡುತ್ತೇನೆ, ಯಾಕೆಂದರೆ ಮಾರುವವರು 'ಟ್ರೈಬಲ್ ಆರ್ಟ್' ಅಂತ ಚೀಟಿ ಅಂಟಿಸಿಬಿಡುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ, ಸುಟ್ಟ ಅಕ್ಕಿಯ ಕಪ್ಪು. ಕುಂಚ ಅಂದರೆ ಪುಂಡಿ ನಾರಿನ ಎಳೆ. ನನಗೆ ಗೊತ್ತಿರುವ ಹಿರಿಯಾಕೆ ಒಬ್ಬರು ಎರಡು ಗೆರೆಗಳ ನಡುವೆ ಇನ್ನೊಂದು ಎಳೆಯುವ ಮೊದಲು ನಾರನ್ನು ಉಗುರಿನಲ್ಲಿ ಸೀಳಿ ತೆಳ್ಳಗೆ ಮಾಡಿಕೊಳ್ಳುತ್ತಾರೆ. ಸ್ಕೇಲು ಇಲ್ಲ, ಪೆನ್ಸಿಲ್ ಗುರುತಿಲ್ಲ. ಎಲೆಯಡಿಕೆ ಹಾಕಿಕೊಂಡೇ ಎಳೆಯುತ್ತಾರೆ, ಗೆರೆ ಮಾತ್ರ ಅಲ್ಲಾಡುವುದಿಲ್ಲ.

ಅವರ ಒಂದು ಚಿತ್ರವನ್ನು ಬೆಂಗಳೂರಿನ ಹೋಟೆಲಿನವರು ಕೊಂಡರು. ಒಳ್ಳೆಯ ಬೆಲೆಯನ್ನೇ ಕೊಟ್ಟರು. ಆಮೇಲೆ ಅದರ ಫೋಟೊ ತೆಗೆದು ರೂಮು ರೂಮಿಗೂ ವಾಲ್‌ಪೇಪರ್ ಮಾಡಿಸಿ ಅಂಟಿಸಿದರು. ಕೇಳಿದರೆ, "ನಾವು ಕೊಂಡಿದ್ದೇವಲ್ಲ" ಅಂದರು. ಕೊಂಡದ್ದು ಚಿತ್ರವನ್ನು. ನಕಲು ಮಾಡುವ ಹಕ್ಕನ್ನಲ್ಲ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಆ ಹಕ್ಕು ಕೊಡಬೇಕಾದರೆ ಬರವಣಿಗೆಯಲ್ಲೇ ಕೊಡಬೇಕು. ಅದೇ ಕಾಯ್ದೆಯ 53ಎ ಕಲಂ ಇನ್ನೂ ಸ್ವಾರಸ್ಯದ್ದು. 1994ರ ತಿದ್ದುಪಡಿಯಲ್ಲಿ ಬಂದದ್ದು. ಮೂಲ ಚಿತ್ರ ಮರುಮಾರಾಟದಲ್ಲಿ 10,000 ರೂಪಾಯಿ ದಾಟಿದರೆ ಅದರಲ್ಲಿ ಕಲಾವಿದರಿಗೂ ಪಾಲು, ಗರಿಷ್ಠ ಶೇ. 10. ಆಸ್ಟ್ರೇಲಿಯಾ ಇಂಥ ಕಾನೂನು ಮಾಡಿದ್ದು 2009ರಲ್ಲಿ, ಅಲ್ಲಿ ಶೇ. 5. ಕಾಗದದ ಮೇಲೆ ನಾವೇ ಮುಂದೆ!

ಈಗ ನಮ್ಮ ಹೆಂಗಸರ ಹತ್ತಿರ ಕನ್ನಡದ ಒಂದು ಪುಟದ ಕರಾರು ಇದೆ. ಚಿತ್ರ ಮಾರಿದೆ, ನಕಲಿನ ಹಕ್ಕು ಮಾರಿಲ್ಲ, ಹೆಸರು ಹಾಕಬೇಕು. ಕೊನೆಯ ಸಾಲಿನ ಮೇಲೆ ಅವರಲ್ಲೇ ಜಗಳ. ಗೆರೆ ಎಳೆದವಳ ಹೆಸರು ಸಾಕೇ? ಆ ವಿನ್ಯಾಸ ಅಜ್ಜಿಯಿಂದ ಬಂದದ್ದು, ಅಜ್ಜಿಗೆ ಅವಳ ಅಮ್ಮನಿಂದ. ಹಾಗಿದ್ದ ಮೇಲೆ ಊರಿನ ಹೆಸರೂ ಬೇಡವೇ, ವಾಲ್‌ಪೇಪರಿನ ದುಡ್ಡು ಬಂದರೆ ಅದರಲ್ಲಿ ಊರಿಗೆ ಪಾಲು ಬೇಡವೇ? ಕಾನೂನು ಒಬ್ಬ ಕಲಾವಿದೆಯನ್ನು ಗುರುತಿಸುತ್ತದೆ, ಹಳೆಯ ವಿನ್ಯಾಸವನ್ನು ಯಾರ ಸ್ವತ್ತೂ ಅನ್ನುವುದಿಲ್ಲ. ಸದ್ಯಕ್ಕೆ ಆ ಸಾಲು ಖಾಲಿ ಬಿಟ್ಟಿದ್ದೇವೆ.

ನಮ್ಮ ಕಡೆ ಕಲೆಗೆ ದುಡ್ಡು ಕೇಳುವುದು ಹೊಸದೂ ಅಲ್ಲ, ಅವಮಾನವೂ ಅಲ್ಲ. ನೀನಾಸಂ 1949ರಿಂದ ಹೆಗ್ಗೋಡಿನಲ್ಲಿದೆ. 1985ರಿಂದ ಅದರ ತಿರುಗಾಟದ ನಾಟಕಗಳು ಊರೂರು ಸುತ್ತುತ್ತಿವೆ. ನಾನು ಟಿಕೆಟ್ ತೆಗೆದು ನಾಟಕ ನೋಡಿ ಬೆಳೆದವಳು.

ಈ ದಾರಿಗೆ ಬರಬೇಕೆನ್ನುವ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ: ಮೊದಲು ಬ್ಯಾಂಕಿನಲ್ಲೋ ಆಡಿಟರ್ ಹತ್ತಿರವೋ ಕೆಲವು ವರ್ಷ ಕೆಲಸ ಮಾಡಿ. ಒಳ್ಳೆಯ ಮನಸ್ಸಿನವರು ಈ ಕ್ಷೇತ್ರದಲ್ಲಿ ಬೇಕಾದಷ್ಟು ಜನ ಇದ್ದಾರೆ. ಬ್ಯಾಲೆನ್ಸ್ ಶೀಟ್ ಓದುವವರು ಕಡಿಮೆ.

ಸಂಬಳ ಎಷ್ಟು ಅಂತಲೂ ಕೇಳುತ್ತಾರೆ, ಸ್ವಲ್ಪ ದನಿ ತಗ್ಗಿಸಿ. ಹೊರದೇಶದ ನಿಧಿಗಳು ಫೀಸು ಕೊಡುತ್ತವೆ, ಚಿತ್ತಾರದ ಕೆಲಸಕ್ಕೆ ನಾನು ತೆಗೆದುಕೊಳ್ಳುವುದಿಲ್ಲ. ಎರಡೂ ಸೇರಿದರೆ ಬ್ಯಾಂಕಿನ ಸಂಬಳದ ಹತ್ತಿರಕ್ಕೂ ಬರುವುದಿಲ್ಲ. ಅಡಿಕೆಗೆ ಒಳ್ಳೆ ರೇಟು ಇರುವ ವರ್ಷ ನಮ್ಮ ಮನೆಯಲ್ಲಿ ಈ ಮಾತು ಯಾರೂ ಎತ್ತುವುದಿಲ್ಲ.