ಬ್ರೆಮೆನ್ ಗೋಪುರದಲ್ಲಿ 4.74 ಸೆಕೆಂಡು

ಜರ್ಮನಿಯ ಬ್ರೆಮೆನ್ ರೈಲು ನಿಲ್ದಾಣದಿಂದ 6ನೇ ನಂಬರಿನ ಟ್ರಾಮ್ ಹತ್ತಿದರೆ ವಿಶ್ವವಿದ್ಯಾಲಯ ಸಿಗುತ್ತದೆ. ಅಲ್ಲಿಂದ ದಾರಿ ಕೇಳಬೇಕಾಗಿಲ್ಲ. 146 ಮೀಟರ್ ಎತ್ತರದ ಪತನ ಗೋಪುರ ಚೂಪು ಮಾಡಿಟ್ಟ ಪೆನ್ಸಿಲಿನಂತೆ ದೂರದಿಂದಲೇ ಕಾಣುತ್ತದೆ. 1990ರಿಂದ ಇಲ್ಲಿ ಪ್ರಯೋಗಗಳನ್ನು ಮೇಲಿಂದ ಬೀಳಿಸುತ್ತಿದ್ದಾರೆ. ಬೀಳುವಷ್ಟು ಹೊತ್ತು ಒಳಗಿನ ವಸ್ತುಗಳಿಗೆ ತೂಕವೇ ಇಲ್ಲದಂತಾಗುತ್ತದೆ, ಬೇಕಾದದ್ದು ಅದೇ. ಹೊರಗಿನ ಕಾಂಕ್ರೀಟು ಬರೀ ಕವಚ. ಬೀಳುವುದೆಲ್ಲ ಅದರೊಳಗೆ, ಗೋಡೆಗೆ ತಾಗದೆ ನಿಂತ ಉಕ್ಕಿನ ಕೊಳವೆಯಲ್ಲಿ. ಗಾಳಿಗೆ ಗೋಪುರ ಅಲುಗಿದರೂ ಕೊಳವೆ ಅಲುಗಬಾರದಲ್ಲ!

ನಾವು ಹೋದಾಗ, ಬೀಳುವಾಗ ಗಾಳಿ ತಡೆಯದಿರಲೆಂದು, ಕೊಳವೆಯ ಗಾಳಿ ಹೀರುವ ಪಂಪುಗಳು ಓಡುತ್ತಿದ್ದವು. ಅದಕ್ಕೇ ಒಂದೂವರೆ, ಎರಡು ಗಂಟೆ ಬೇಕು. ಆಮೇಲೆ ಬೀಳುವುದು 4.74 ಸೆಕೆಂಡು. ಇಷ್ಟಕ್ಕೆ ಅಷ್ಟು ಕಾಯಬೇಕೇ ಎಂದು ಗೊಣಗಿದ್ದು ನಾನೊಬ್ಬನೇ ಅಲ್ಲ.

ಬೀಳಿಸುವ ಪೆಟ್ಟಿಗೆಯೊಳಗೆ, ಅಂದರೆ ಕ್ಯಾಪ್ಸೂಲಿನೊಳಗೆ, ನೀರು ತುಂಬಿದ ಪುಟ್ಟ ಗಾಜಿನ ಕೋಶ, ನೀರಲ್ಲಿ 10 ಮೈಕ್ರಾನ್ (ಮಿಲಿಮೀಟರಿನ ನೂರರಲ್ಲೊಂದು ಪಾಲು) ಗಾತ್ರದ ಗಾಜಿನ ಮಣಿಗಳು, ಎದುರಿಗೆ ಸೂಕ್ಷ್ಮದರ್ಶಕ ಹಚ್ಚಿದ ಕ್ಯಾಮೆರಾ. ಬಿಡುವ ಮುನ್ನ ಪರದೆಯ ಮೇಲೆ ಮಣಿಗಳು ಇಳಿಯುತ್ತಿದ್ದವು. ಈ ಗಾತ್ರದ ಗಾಜು ನೀರಲ್ಲಿ ನಿಮಿಷಕ್ಕೆ ಸುಮಾರು 5 ಮಿಲಿಮೀಟರ್ ಇಳಿಯುತ್ತದೆ. ಚಂದ್ರನ ಮೇಲಾದರೆ ಅದರ ಆರರಲ್ಲೊಂದು ಪಾಲು. ನೀರು ನಿಂತಿದೆ ಎಂದರೂ ಅದು ನಿಜಕ್ಕೂ ನಿಂತಿರಲಿಲ್ಲ. ದೀಪದ ಬಿಸಿಗೆ ಹಗುರಾದ ನೀರು ಮೇಲೇಳುತ್ತ ಕೆಲವು ಮಣಿಗಳನ್ನು ಪಕ್ಕಕ್ಕೆ ಸೆಳೆಯುತ್ತಿತ್ತು.

ಕ್ಯಾಪ್ಸೂಲ್ ಕಳಚಿತು. ಮಣಿಗಳು ಮೆಲ್ಲಗೆ ವೇಗ ತಗ್ಗಿಸಲಿಲ್ಲ, ಇದ್ದಲ್ಲೇ ನಿಂತವು. ಇಷ್ಟು ಸಣ್ಣ ಕಣಕ್ಕೆ ಜಡತ್ವ ಇದ್ದೂ ಇಲ್ಲದಂತೆ. ಎಳೆತ ತಪ್ಪಿದೊಡನೆ ನೀರಿನ ಸ್ನಿಗ್ಧತೆ, ಅಂದರೆ ಹರಿಯಲು ಒಡ್ಡುವ ತಡೆ, ಸೆಕೆಂಡಿನ ಲಕ್ಷದಲ್ಲೊಂದು ಪಾಲಿನ ಆಸುಪಾಸಿನಲ್ಲೇ ಅದರ ವೇಗವನ್ನು ನುಂಗಿಬಿಡುತ್ತದೆ. ಬಿಸಿನೀರಿನ ಹರಿವು ಮಾತ್ರ ಹಠಮಾರಿ. ಮೇಲೇಳಲು ಕಾರಣವೇ ಇಲ್ಲದಿದ್ದರೂ ಹಳೆಯ ಓಟ ಮುಗಿಯಲು ಒಂದೆರಡು ಸೆಕೆಂಡು ಹಿಡಿಯಿತು. ಆಮೇಲೆ ಉಳಿದದ್ದು ನೀರಲ್ಲಿದ್ದ 1 ಮೈಕ್ರಾನಿನಷ್ಟು ಪುಡಿ ಚೂರುಗಳ ನಡುಕ, 1827ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಗಮನಿಸಿದ್ದೇ. ಅಣುಗಳ ಗುದ್ದಾಟಕ್ಕೆ ಗುರುತ್ವದ ಹಂಗಿಲ್ಲ. ನನಗೆ ಇಡೀ ಭೇಟಿಯಲ್ಲಿ ಹಿಡಿಸಿದ್ದು ಈ ಎರಡು ಸೆಕೆಂಡು.

ಅಷ್ಟರಲ್ಲಿ ಕ್ಯಾಪ್ಸೂಲ್ ಗಂಟೆಗೆ 167 ಕಿಲೋಮೀಟರ್ ವೇಗದಲ್ಲಿ ಥರ್ಮೋಕೋಲ್ ಮಣಿಗಳ ರಾಶಿಗೆ ಹೊಕ್ಕಾಗಿತ್ತು.

ವಿಮಾನವನ್ನು ಬಿಲ್ಲಿನ ಪಥದಲ್ಲಿ ಹಾರಿಸಿದರೆ ತೂಕವಿಲ್ಲದ 22 ಸೆಕೆಂಡು ಸಿಗುತ್ತದೆ, ಆದರೆ ವಿಮಾನದ ಅದುರಾಟ ಗುರುತ್ವದ ನೂರರಲ್ಲೊಂದು ಪಾಲಿನಷ್ಟಿರುತ್ತದೆ. ಇಲ್ಲಿ ಹತ್ತು ಲಕ್ಷದಲ್ಲೊಂದು ಪಾಲು. ಕ್ಯಾಪ್ಸೂಲನ್ನು ಕೆಳಗಿನಿಂದ ಚಿಮ್ಮಿಸುವ ಕವಣೆಯೂ ಗೋಪುರದಲ್ಲಿದೆ, ಅದರಿಂದ 9 ಸೆಕೆಂಡಿಗೂ ಹೆಚ್ಚು ಸಿಗುತ್ತದೆ. ಮಣಿಗಳಿಗೆ ಅದೂ ಒಗ್ಗದು: ಚಿಮ್ಮಿಸುವ ಒದೆತಕ್ಕೇ ಅವು ತಳದತ್ತ ಸರಿದುಬಿಡುತ್ತವೆ.