‘ಬೇರೆ ಯಾವ ಮಾತ್ರೆಯೂ ಇಲ್ಲ’ ಎಂದವರ ಚೀಲ

ಮಧ್ಯಾಹ್ನ ಎರಡು ಗಂಟೆಯ ಹೊತ್ತು. ಮೇಷ್ಟ್ರ ಮಗ ಒಂದು ಬಟ್ಟೆಯ ಕೈಚೀಲವನ್ನು ತಂದು ನಮ್ಮ ಅಂಗಡಿಯ ಗಾಜಿನ ಕೌಂಟರಿನ ಮೇಲೆ ಸುರಿದರು. “ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದೇವೆ ಮೇಡಂ. ಮನೆಯಲ್ಲಿ ಏನೇನು ತೆಗೆದುಕೊಳ್ಳುತ್ತಿದ್ದರು ಎಂದು ಡಾಕ್ಟರು ಕೇಳುತ್ತಿದ್ದಾರೆ. ಇವೆಲ್ಲ ಏನು ಎಂದು ಸ್ವಲ್ಪ ಬರೆದುಕೊಡಿ” ಎಂದರು.

ಬಿ.ಪಿ. ಮಾತ್ರೆಯ ಎರಡು ಶೀಟು. ಕ್ಯಾಲ್ಸಿಯಂ ಮಾತ್ರೆಯ ಡಬ್ಬಿ. ಬಾಯಲ್ಲಿ ಅಗಿಯುವ ಗ್ಯಾಸ್ ಮಾತ್ರೆ. ಮಂಡಿನೋವಿನ ಎಣ್ಣೆ. ಕೊನೆಗೆ, ರಬ್ಬರ್ ಬ್ಯಾಂಡ್ ಹಾಕಿ ಜೋಡಿಸಿಟ್ಟ ಖಾಲಿ ಪೊಟ್ಟಣಗಳ ಒಂದು ಕಟ್ಟು. ನಲವತ್ತು ವರ್ಷ ಹಾಜರಿ ಪುಸ್ತಕ ಬರೆದ ಕೈ ಅದು, ಯಾವುದನ್ನೂ ಎಸೆಯುವ ಅಭ್ಯಾಸವಿಲ್ಲ. ಎಣಿಸಿದೆ. ಎಪ್ಪತ್ತೆರಡು ಇದ್ದವು. ಎಲ್ಲವೂ 60,000 ಯೂನಿಟ್‌ನ ವಿಟಮಿನ್ ಡಿ ಪುಡಿಯವು. ಅವುಗಳಲ್ಲಿ ಹೆಚ್ಚಿನವನ್ನು ಮಾರಿದ್ದು ಮಂಡ್ಯದ ವಿ.ವಿ. ರಸ್ತೆಯ ಹತ್ತಿರವಿರುವ ನಮ್ಮದೇ ಅಂಗಡಿ. ಕೆಲವನ್ನು ಕೊಟ್ಟ ಕೈ ನನ್ನದೇ.

ನಾನು ಮೈಸೂರಿನಲ್ಲಿ ಬಿ.ಫಾರ್ಮ ಓದಿ ಬಂದವಳು. ಆಗ ಈ ಅಂಗಡಿಯಲ್ಲಿ ಒಂಬತ್ತು ವರ್ಷ ತುಂಬಿತ್ತು. ಅಷ್ಟು ವರ್ಷವೂ ಹಿರಿಯರು ಯಾರೇ ಬರಲಿ, ಔಷಧಿ ಕೊಡುವ ಮುಂಚೆ “ಬೇರೆ ಯಾವ ಮಾತ್ರೆಯನ್ನಾದರೂ ತೆಗೆದುಕೊಳ್ಳುತ್ತಿದ್ದೀರಾ?” ಎಂದು ಕೇಳುತ್ತಿದ್ದೆ. ಮೇಷ್ಟ್ರನ್ನೂ ಕೇಳಿದ್ದೆ. “ಬಿ.ಪಿ.ಯದು ಬಿಟ್ಟರೆ ಬೇರೆ ಯಾವ ಮಾತ್ರೆಯೂ ಇಲ್ಲ ನೋಡಮ್ಮ” ಎಂದಿದ್ದರು. ಅವರು ಸುಳ್ಳು ಹೇಳಿರಲಿಲ್ಲ. ಹಾಲಿಗೆ ಹಾಕಿಕೊಂಡು ಕುಡಿಯುವ ಪುಡಿ ಅವರ ಲೆಕ್ಕದಲ್ಲಿ ಮಾತ್ರೆಯಾಗಿರಲಿಲ್ಲ. ಕ್ಯಾಲ್ಸಿಯಂ ‘ಶಕ್ತಿಯದು’. ಗ್ಯಾಸ್ ಮಾತ್ರೆಯಂತೂ ಊಟವಾದ ಮೇಲಿನ ಅಡಿಕೆಯ ಹಾಗೆ, ಅದನ್ನು ಯಾರು ಲೆಕ್ಕ ಇಡುತ್ತಾರೆ?

ನಡೆದದ್ದು ಇಷ್ಟು. ಮಂಡಿನೋವಿಗೆ ತೋರಿಸಿದಾಗ ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ ಕಡಿಮೆ ಬಂದಿತ್ತು. ವೈದ್ಯರು ವಾರಕ್ಕೊಂದರಂತೆ ಎಂಟು ವಾರ ಎಂದು ಬರೆದುಕೊಟ್ಟಿದ್ದರು. ಅದು ಸರಿಯಾದ ಚಿಕಿತ್ಸೆಯೇ. ಎಂಟು ಮುಗಿಯುವ ಹೊತ್ತಿಗೆ ಮೈ ಹಗುರವಾಯಿತು. ವಾರಕ್ಕೊಂದು ಕುಡಿದರೆ ಇಷ್ಟು ಗುಣ, ದಿನಕ್ಕೊಂದು ಕುಡಿದರೆ ಇನ್ನೆಷ್ಟು ಎಂದು ಅವರೇ ತೀರ್ಮಾನಿಸಿದರು. ಚೀಟಿ ಕೇಳುವವರು ಯಾರೂ ಇರಲಿಲ್ಲ. ಒಂದು ದಿನ ನಾನು ಕೊಟ್ಟರೆ ಇನ್ನೊಂದು ದಿನ ಅಂಗಡಿಯ ಹುಡುಗ ಕೊಟ್ಟ, ಭಾನುವಾರ ಮಾಲೀಕರು ಕೊಟ್ಟರು. ನಾವು ಮೂವರೂ ಪ್ರತಿ ಬಾರಿ ನಾಲ್ಕು ನಾಲ್ಕು ಪೊಟ್ಟಣ ಕೊಟ್ಟೆವು. ಒಟ್ಟು ಎಷ್ಟಾಯಿತು ಎಂದು ಮೂವರಲ್ಲಿ ಒಬ್ಬರಿಗೂ ತಿಳಿಯಲಿಲ್ಲ.

ವೈದ್ಯರ ನಿಗಾ ಇಲ್ಲದೆ ದೊಡ್ಡವರು ದಿನವೂ ತೆಗೆದುಕೊಳ್ಳಬಹುದಾದ ವಿಟಮಿನ್ ಡಿಯ ಮೇಲ್ಮಿತಿ 4,000 ಯೂನಿಟ್. ಮೇಷ್ಟ್ರು ಅದರ ಹದಿನೈದು ಪಟ್ಟು ಕುಡಿಯುತ್ತಿದ್ದರು. ವಿಟಮಿನ್ ಸಿ ಅಥವಾ ಬಿ ಹೆಚ್ಚಾದರೆ ಬಹುಪಾಲು ಮೂತ್ರದಲ್ಲಿ ಹೋಗುತ್ತದೆ. ವಿಟಮಿನ್ ಡಿ ಹಾಗಲ್ಲ, ಮೈಯ ಕೊಬ್ಬಿನಲ್ಲಿ ಕೂತುಬಿಡುತ್ತದೆ. ಕರುಳಿನಿಂದ ಕ್ಯಾಲ್ಸಿಯಂ ಅನ್ನು ಹೆಚ್ಚು ಹೆಚ್ಚಾಗಿ ರಕ್ತಕ್ಕೆ ಎಳೆಯುತ್ತದೆ. ಅದರ ಜೊತೆಗೆ ಅವರು ಕ್ಯಾಲ್ಸಿಯಂ ಮಾತ್ರೆಯನ್ನೂ ನುಂಗುತ್ತಿದ್ದರು. ಅಗಿಯುತ್ತಿದ್ದ ಗ್ಯಾಸ್ ಮಾತ್ರೆಯಲ್ಲಿದ್ದದ್ದೂ ಕ್ಯಾಲ್ಸಿಯಂ ಕಾರ್ಬೊನೇಟ್. ಇನ್ನು ಬಿ.ಪಿ. ಮಾತ್ರೆಯ ಹಿಂದೆ ಸಣ್ಣ ಅಕ್ಷರದಲ್ಲಿದ್ದ ಎರಡನೆಯ ಹೆಸರು ಹೈಡ್ರೋಕ್ಲೋರೋಥಯಜೈಡ್. ನೀರಿನಂಶ ಇಳಿಸುವ ಈ ಔಷಧಿ ಮೂತ್ರದಲ್ಲಿ ಹೊರಗೆ ಹೋಗಬೇಕಾದ ಕ್ಯಾಲ್ಸಿಯಂ ಅನ್ನು ಒಳಗೇ ತಡೆದಿಡುತ್ತದೆ. ಮೂರು ಕಡೆಯಿಂದ ನೀರು ನುಗ್ಗುತ್ತಿದ್ದ ಕೆರೆಯ ತೂಬನ್ನೇ ಮುಚ್ಚಿದ ಹಾಗಾಗಿತ್ತು.

ಮೊದಲು ಮಲಬದ್ಧತೆ, ಆಮೇಲೆ ವಾಕರಿಕೆ. ವಿಪರೀತ ಬಾಯಾರಿಕೆ, ರಾತ್ರಿ ಐದಾರು ಬಾರಿ ಮೂತ್ರಕ್ಕೆ ಏಳುವುದು. ಕೊನೆಗೆ ಮಾತು ತಪ್ಪತೊಡಗಿತು, ಮೊಮ್ಮಗನ ಹೆಸರು ಮರೆತರು. ಮನೆಯವರು ವಯಸ್ಸಾಯಿತು, ಅರಳುಮರಳು ಎಂದುಕೊಂಡರು. ಆಸ್ಪತ್ರೆಯಲ್ಲಿ ನೋಡಿದರೆ ಸುಮಾರು ಹತ್ತರ ಒಳಗಿರಬೇಕಾದ ರಕ್ತದ ಕ್ಯಾಲ್ಸಿಯಂ 13.6 ಇತ್ತು. ಮೂತ್ರಪಿಂಡಗಳು ಸೊರಗಿದ್ದವು. ನಾನು ಬರೆದುಕೊಟ್ಟ ಪಟ್ಟಿಯನ್ನು ನೋಡಿದ ಮೇಲೆ ಅಲ್ಲಿನ ವೈದ್ಯರಿಗೆ ದಾರಿ ಕಂಡಿತು ಎಂದು ಮಗ ಬಂದು ಹೇಳಿದರು, ಕೈ ಮುಗಿದರು. ಆ ನಮಸ್ಕಾರವನ್ನು ತೆಗೆದುಕೊಳ್ಳಲು ನನ್ನಿಂದ ಆಗಲಿಲ್ಲ. ಪಟ್ಟಿ ಬರೆಯಬೇಕಾದದ್ದು ನಾಲ್ಕು ತಿಂಗಳು ಮೊದಲು.

ಮೇಷ್ಟ್ರು ಉಳಿದರು. ಡ್ರಿಪ್, ಔಷಧಿ, ಪುಡಿ ಬಂದ್, ಕ್ಯಾಲ್ಸಿಯಂ ಬಂದ್. ಕೊಬ್ಬಿನಲ್ಲಿ ಸೇರಿದ್ದು ಇಳಿಯಲು ತಿಂಗಳುಗಳೇ ಬೇಕಾದವು.

ಅಂದಿನಿಂದ ಕೇಳುವ ಮಾತನ್ನೇ ಬದಲಾಯಿಸಿದೆ. ‘ಔಷಧಿ’ ಎಂದರೆ ನಮ್ಮ ಕಡೆಯ ಜನಕ್ಕೆ ಡಾಕ್ಟರು ಬರೆದದ್ದು ಮಾತ್ರ. ಆದ್ದರಿಂದ ದಿನವನ್ನು ಹಿಡಿದು ಕೇಳುತ್ತೇನೆ. ಬೆಳಗ್ಗೆ ಎದ್ದ ಮೇಲೆ ಮೊದಲು ಬಾಯಿಗೆ ಏನು ಹಾಕಿಕೊಳ್ಳುತ್ತೀರಿ? ಹಾಲಿಗೆ ಏನಾದರೂ ಬೆರೆಸುತ್ತೀರಾ? ಊಟವಾದ ಮೇಲೆ? ಹೊಲದಿಂದ ಬಂದು ಮೈಕೈ ನೋಯುವಾಗ? ಮಲಗುವ ಮುಂಚೆ? ಕಷಾಯ, ಲೇಹ್ಯ, ಜ್ಯೂಸ್, ನಾಟಿ ಔಷಧಿ? ಮಕ್ಕಳು ಬೆಂಗಳೂರಿನಿಂದ ಕಳುಹಿಸಿದ ಡಬ್ಬಿ ಏನಾದರೂ ಇದೆಯಾ? ಹೀಗೆ ಕೇಳಿದರೆ ‘ಏನೂ ಇಲ್ಲ’ ಎಂದವರೇ ನಾಲ್ಕೈದು ಹೆಸರು ಹೇಳುತ್ತಾರೆ. ಹೆಸರು ನೆನಪಿಲ್ಲದಿದ್ದರೆ, “ಮನೆಯಲ್ಲಿರುವುದನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ, ದುಡ್ಡೇನೂ ಇಲ್ಲ” ಎನ್ನುತ್ತೇನೆ.

ಮಾಲೀಕರಿಗೆ ಮೊದಮೊದಲು ಇದು ಹಿಡಿಸಲಿಲ್ಲ. “ಬಂದ ಗಿರಾಕಿಯನ್ನು ಪ್ರಶ್ನೆ ಕೇಳಿ ಓಡಿಸಬೇಡಮ್ಮ” ಎಂದರು. ಅವರ ಆತಂಕವೂ ಸುಳ್ಳಲ್ಲ. ನಮ್ಮ ಅಂಗಡಿಯಲ್ಲಿ ಮಾತ್ರೆಗಿಂತ ಶಕ್ತಿಯ ಡಬ್ಬಿಗಳಲ್ಲೇ ಲಾಭ ಹೆಚ್ಚು. ಆದರೆ ಆ ಎಪ್ಪತ್ತೆರಡು ಪೊಟ್ಟಣಗಳನ್ನು ಅವರೂ ನೋಡಿದ್ದರು. ಹೆಚ್ಚು ವಾದಿಸಲಿಲ್ಲ.

ಕಬ್ಬು ಕಡಿಯುವ ಸುಗ್ಗಿಯಲ್ಲಿ ಬಂದ ಒಬ್ಬ ತಮ್ಮನನ್ನು ಮರೆಯಲಾರೆ. ಮೂವತ್ತರ ಒಳಗಿನ ವಯಸ್ಸು, ಆಲೆಮನೆಯಲ್ಲಿ ಕೆಲಸ, ನಾಲ್ಕು ದಿನದಿಂದ ಜ್ವರ. “ಅಕ್ಕ, ಇನ್ನೂ ಪವರ್ ಇರುವುದು ಕೊಡಿ” ಎಂದ. ಜೇಬಿನಿಂದ ಮೂರು ಶೀಟು ಹೊರಬಂದವು. ಒಂದು ಜ್ವರಕ್ಕೆ, ಒಂದು ನೆಗಡಿಗೆ, ಒಂದು ಮೈಕೈ ನೋವಿಗೆ. ಮೂರನ್ನು ಮೂರು ಅಂಗಡಿಯಲ್ಲಿ ಕೊಂಡಿದ್ದ. ತಿರುಗಿಸಿ ಹಿಂಬದಿಯನ್ನು ತೋರಿಸಿದೆ. ಮೂರರಲ್ಲೂ ಪ್ಯಾರಾಸಿಟಮಾಲ್ ಇತ್ತು. ಬಿಲ್ಲಿನ ಹಿಂದೆ ಅವನ ಎದುರಿಗೇ ಕೂಡಿಸಿದೆ. ಜ್ವರದ್ದು 650 ಮಿಲಿಗ್ರಾಂ, ದಿನಕ್ಕೆ ನಾಲ್ಕು, 2,600. ನೆಗಡಿಯದು 500, ದಿನಕ್ಕೆ ಮೂರು, 1,500. ನೋವಿನದರಲ್ಲಿ ಅಸೆಕ್ಲೋಫೆನಾಕ್ ಎಂಬ ನೋವುನಿವಾರಕದ ಜೊತೆ 325, ದಿನಕ್ಕೆ ಎರಡು, 650. ಒಟ್ಟು 4,750. ಆರೋಗ್ಯವಂತರಿಗೇ 24 ಗಂಟೆಗೆ 4,000 ಮಿಲಿಗ್ರಾಂ ಕೊನೆಯ ಗೆರೆ. ಸಂಜೆ ಕುಡಿಯುವ ಅಭ್ಯಾಸವಿದೆ ಎಂದೂ ಒಪ್ಪಿಕೊಂಡ. ಹಾಗಿದ್ದರೆ ಯಕೃತ್ತು ಅಷ್ಟನ್ನೂ ತಾಳುವುದಿಲ್ಲ. ಮೂರು ಬಣ್ಣ, ಮೂರು ಹೆಸರು, ಒಳಗೆ ಒಂದೇ ವಸ್ತು. ಇದು ಅವನಿಗೆ ಹೇಗೆ ತಿಳಿಯಬೇಕು? ಆ ದಿನ ನಾನು ಅವನಿಗೆ ಏನನ್ನೂ ಮಾರಲಿಲ್ಲ. ಯಕೃತ್ತಿನ ಪರೀಕ್ಷೆ ಮಾಡಿಸು ಎಂದು ಚೀಟಿಯಲ್ಲಿ ಲೆಕ್ಕವನ್ನೆಲ್ಲ ಬರೆದು ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದೆ. ಪ್ಯಾರಾಸಿಟಮಾಲ್ ಹೆಚ್ಚಾದಾಗ ಕೊಡುವ ಅಸಿಟೈಲ್‌ಸಿಸ್ಟೀನ್ ಬೇಗ ಕೊಟ್ಟಷ್ಟೂ ಕೆಲಸ ಮಾಡುತ್ತದೆ. ಕಣ್ಣು ಹಳದಿಯಾಗುವವರೆಗೆ ಕಾಯಬಾರದು.

ಚೀಲ ಬಂದಾಗ ಮೊದಲು ನೋಡುವುದು ಲೇಬಲ್. ಎಡಬದಿಯಲ್ಲಿ ಕೆಂಪು ಗೆರೆ ಇದ್ದರೆ ಅದು ಚೀಟಿ ಇಲ್ಲದೆ ಕೊಳ್ಳುವಂಥದ್ದಲ್ಲ, ಪಕ್ಕದ ಮನೆಯವರು ಕೊಟ್ಟರೂ ಬೇಡ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಗುರುತು ಮತ್ತು 14 ಅಂಕಿಯ ಪರವಾನಗಿ ಸಂಖ್ಯೆ ಇದ್ದರೆ ಕಾನೂನಿನ ಕಣ್ಣಿಗೆ ಅದು ಆಹಾರ. ಆರೋಗ್ಯ ಪೂರಕಗಳ ಬಗ್ಗೆ 2016ರಲ್ಲಿ ಬಂದ ನಿಯಮದಂತೆ ಅದರ ಮೇಲೆ ‘ಔಷಧಿಯಾಗಿ ಬಳಸಲು ಅಲ್ಲ’ ಎಂಬರ್ಥದ ಮಾತನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿರುತ್ತಾರೆ. ಸಕ್ಕರೆ ಕಾಯಿಲೆ ಹೋಗುತ್ತದೆ ಎಂದು ಯಾರೋ ಮಾರಿದ ಡಬ್ಬಿಯ ಮೇಲೆಯೇ ಈ ಸಾಲನ್ನು ಬೆರಳಿಟ್ಟು ತೋರಿಸಿದಾಗ ಜನರ ಮುಖ ಬದಲಾಗುವುದನ್ನು ನೋಡಿದ್ದೇನೆ. ಅಂಥದ್ದನ್ನು ನಂಬಿ, ಸಕ್ಕರೆ ಕಾಯಿಲೆಗೆ ಡಾಕ್ಟರು ಕೊಟ್ಟ ಮೆಟ್‌ಫಾರ್ಮಿನ್ ಮಾತ್ರೆಯನ್ನೇ ಬಿಟ್ಟವರಿದ್ದಾರೆ. ನನಗೆ ತಡೆಯಲಾಗದ ಸಿಟ್ಟು ಬರುವುದು ಅಲ್ಲಿಯೇ.

ಲೇಬಲ್ಲೇ ಇಲ್ಲದ್ದು ಎಲ್ಲಕ್ಕಿಂತ ಭಯದ್ದು. ಪಾಂಡವಪುರದ ಕಡೆಯ ಒಬ್ಬ ಅಜ್ಜಿ ಪ್ಲಾಸ್ಟಿಕ್ ಕವರಿನಲ್ಲಿ ಕಂದು ಪುಡಿ ತಂದಿದ್ದರು. ಜಾತ್ರೆಯಲ್ಲಿ ಕೊಂಡದ್ದು, ಕೀಲುನೋವು ಎರಡೇ ದಿನದಲ್ಲಿ ಮಾಯವಾಯಿತಂತೆ. ಮುಖ ಚಂದ್ರನಂತೆ ದುಂಡಗಾಗಿತ್ತು, ಸಕ್ಕರೆ ಏರಿತ್ತು, ತೋಳಿನ ಚರ್ಮ ತೆಳುವಾಗಿ ಮುಟ್ಟಿದರೆ ನೀಲಿಗಟ್ಟುತ್ತಿತ್ತು. ಇಂಥ ಪುಡಿಗಳಲ್ಲಿ ಡೆಕ್ಸಾಮೆಥಾಸೋನ್‌ನಂಥ ಸ್ಟಿರಾಯ್ಡ್ ಬೆರೆಸುವುದು ಹೊಸ ಸಂಗತಿಯಲ್ಲ. ನನಗೆ ಪುಡಿಯನ್ನು ಕಿತ್ತು ಎಸೆಯಬೇಕೆನಿಸಿತು. ಆದರೆ ತಿಂಗಳುಗಟ್ಟಲೆ ಸ್ಟಿರಾಯ್ಡ್ ತಿಂದ ಮೈ ತನ್ನದನ್ನು ತಯಾರಿಸುವುದನ್ನೇ ನಿಲ್ಲಿಸಿರುತ್ತದೆ, ಥಟ್ಟನೆ ಬಿಟ್ಟರೆ ಬಿ.ಪಿ. ಕುಸಿದು ಪ್ರಾಣಕ್ಕೇ ಬರುತ್ತದೆ. ಪುಡಿಯ ಸಮೇತ ಅಂದೇ ವೈದ್ಯರ ಬಳಿಗೆ ಕಳುಹಿಸಿದೆ.

“ಗಿಡಮೂಲಿಕೆ ತಾನೇ, ಅದರಿಂದ ಏನಾಗುತ್ತದೆ?” ಎನ್ನುವವರ ಜೊತೆ ನಾನು ನಿಧಾನವಾಗಿ ಮಾತನಾಡುತ್ತೇನೆ. ನಮ್ಮಮ್ಮನ ಹಿತ್ತಲಿನಲ್ಲೂ ಅಮೃತಬಳ್ಳಿ ಇದೆ. ಅದು ವಿಷ ಎಂದು ನಾನು ಹೇಳುವುದಿಲ್ಲ. ಆದರೆ ಕೋವಿಡ್ ಕಾಲದಲ್ಲಿ ಅದನ್ನು ದಿನವೂ ಕುಡಿದು ಯಕೃತ್ತಿಗೆ ಏಟು ತಿಂದವರ ಬಗ್ಗೆ ಮುಂಬೈಯ ವೈದ್ಯರು 2021ರಲ್ಲಿ ಬರೆದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಅಶ್ವಗಂಧದಿಂದಲೂ ಯಕೃತ್ತಿಗೆ ತೊಂದರೆಯಾದ ವರದಿಗಳಿವೆ, ಥೈರಾಯ್ಡ್ ಹಾರ್ಮೋನನ್ನು ಏರಿಸುವ ಗುಣವೂ ಅದಕ್ಕಿದೆ. ಸಾರಿಗೆ ಹಾಕುವ ಅರಿಶಿನ ಬೇರೆ, ಅದರ ಸತ್ವವನ್ನು ಭಟ್ಟಿ ಇಳಿಸಿದಂತೆ ಗಟ್ಟಿ ಮಾಡಿ, ಮೈಗೆ ಬೇಗ ಹತ್ತಲೆಂದು ಕಾಳುಮೆಣಸಿನ ಸತ್ವ ಸೇರಿಸಿದ ಮಾತ್ರೆ ಬೇರೆ. ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರಿಗೆ ಅದನ್ನು ನಾನು ಕೊಡುವುದೇ ಇಲ್ಲ.

ಅನುಮಾನ ಬಂದದ್ದನ್ನು ಬರೆದು ಕಳುಹಿಸುವ ಅಭ್ಯಾಸವನ್ನೂ ಮಾಡಿಕೊಂಡಿದ್ದೇನೆ. ಔಷಧಿಗಳ ಅಡ್ಡಪರಿಣಾಮಗಳ ವರದಿ ಪಡೆಯುವ, ದೇಶದ ಔಷಧ ಜಾಗ್ರತಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024. ವೈದ್ಯರೇ ಆಗಬೇಕೆಂದಿಲ್ಲ, ಮಾತ್ರೆ ತಿಂದವರೂ ಅವರ ಮನೆಯವರೂ ತಿಳಿಸಬಹುದು.

ವಿಟಮಿನ್ ಡಿ ಪೊಟ್ಟಣವನ್ನು ಈಗ ಹೇಗೆ ಕೊಡುತ್ತೇವೆಂದರೆ, “ನಿಮ್ಮ ಮನೆದೇವರ ವಾರ ಯಾವುದು?” ಎಂದು ಕೇಳುತ್ತೇವೆ. ಸೋಮವಾರ ಎಂದರೆ ಪ್ರತಿ ಪೊಟ್ಟಣದ ಮೇಲೂ ಮಾರ್ಕರಿನಲ್ಲಿ ‘ಸೋಮವಾರ’ ಎಂದು ಬರೆದು ತಾರೀಖು ಹಾಕುತ್ತೇವೆ. ಒಂದು ನೋಟುಪುಸ್ತಕದಲ್ಲಿ ಹೆಸರು, ಸಂಖ್ಯೆ. ಮನೆದೇವರ ವಾರವನ್ನು ನಮ್ಮ ಕಡೆಯ ಹಿರಿಯರು ಮರೆಯುವುದಿಲ್ಲ, ಅದು ವಾರಕ್ಕೆ ಎರಡು ಬಾರಿ ಬರುವುದೂ ಇಲ್ಲ.

ಮೇಷ್ಟ್ರು ಆರು ತಿಂಗಳ ನಂತರ ನಡೆದೇ ಬಂದರು, ಜೊತೆಗೆ ಅವರ ಮನೆಯವರು. ಮೇಷ್ಟ್ರ ಚೀಲವನ್ನು ನೋಡಿ ಎಲ್ಲ ಸರಿಯಿದೆ ಎಂದೆ. ಹೊರಡುವಾಗ ಆ ಅಮ್ಮ ಮೆಲ್ಲಗೆ, “ನನ್ನದೂ ಒಂದಿಷ್ಟು ಇದೆ. ನನ್ನನ್ನು ಯಾರೂ ಕೇಳಲಿಲ್ಲ” ಎಂದು ಸೆರಗಿನ ಮರೆಯಿಂದ ಒಂದು ಪುಟ್ಟ ಡಬ್ಬಿಯನ್ನು ತೆಗೆದರು. ಇಷ್ಟು ವರ್ಷ ಪ್ರತಿ ಬಾರಿಯೂ ಮೇಷ್ಟ್ರ ಪಕ್ಕದಲ್ಲೇ ನಿಂತಿದ್ದವರು. ಥೈರಾಯ್ಡ್ ಮಾತ್ರೆ, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಮೂರನ್ನೂ ಬೆಳಗ್ಗೆ ಕಾಫಿಯ ಜೊತೆ ಒಂದೇ ಗುಟುಕಿಗೆ ನುಂಗುತ್ತಿದ್ದರು. ಮೂರು ವರ್ಷದಿಂದ ಥೈರಾಯ್ಡ್ ಹತೋಟಿಗೆ ಬಂದಿರಲಿಲ್ಲ, ಎರಡು ಬಾರಿ ಪ್ರಮಾಣ ಹೆಚ್ಚಿಸಿದ್ದರು. ಕ್ಯಾಲ್ಸಿಯಂ, ಕಬ್ಬಿಣ ಎರಡೂ ಕರುಳಿನಲ್ಲಿ ಥೈರಾಯ್ಡ್ ಮಾತ್ರೆಯನ್ನು ಹಿಡಿದಿಟ್ಟುಕೊಳ್ಳುತ್ತವೆ, ನಡುವೆ ನಾಲ್ಕು ಗಂಟೆ ಅಂತರ ಬೇಕು. ಶೀಟುಗಳ ಮೇಲೆ ಬರೆದುಕೊಟ್ಟೆ: ಥೈರಾಯ್ಡ್ ಬೆಳಗ್ಗೆ ಆರಕ್ಕೆ ಬರೀ ನೀರಿನಲ್ಲಿ, ಕಾಫಿ ಆರೂವರೆಯ ಮೇಲೆ, ಕಬ್ಬಿಣ ಮಧ್ಯಾಹ್ನ ನಿಂಬೆಹಣ್ಣಿನ ನೀರಿನೊಡನೆ, ಕ್ಯಾಲ್ಸಿಯಂ ರಾತ್ರಿ ಊಟವಾದ ಮೇಲೆ. ಅಂತರ ಸರಿಯಾದರೆ ಈಗಿನ ಪ್ರಮಾಣವೇ ಹೆಚ್ಚಾಗಿ ಎದೆ ಹೊಡೆದುಕೊಳ್ಳಬಹುದು, ಆದ್ದರಿಂದ ವೈದ್ಯರಿಗೆ ಇದನ್ನು ಹೇಳಿ, ಆರು ವಾರ ಬಿಟ್ಟು ರಕ್ತಪರೀಕ್ಷೆ ಮಾಡಿಸಿ ಎಂದೆ.

ಎರಡು ತಿಂಗಳಾದ ಮೇಲೆ ಹೊಸ ಚೀಟಿಯನ್ನು ಕೌಂಟರಿನ ಮೇಲಿಟ್ಟರು. ಹಳೆಯ 100 ಮೈಕ್ರೋಗ್ರಾಂ ಹೊಡೆದುಹಾಕಿ 75 ಎಂದು ಬರೆದಿತ್ತು. ಜೊತೆಯಲ್ಲಿ ಅವರ ತಂಗಿಯೂ ಬಂದಿದ್ದರು, ಕೈಯಲ್ಲಿ ಒಂದು ಚೀಲ.